ಗುಂಡಿಯೂ ಉಂಟು, ಸ್ಪರ್ಶವೂ ಉಂಟು: ಪುಟ್ಟ ಫೋನೊಂದರ ಪರೀಕ್ಷೆ

ಯಾಂತ್ರಿಕ ಮೀನುಗಾರಿಕೆಯ ಮಳೆಗಾಲದ ನಿಷೇಧ ಮುಗಿದು, ಆಗಸ್ಟ್ ತಿಂಗಳಲ್ಲಿ ದೋಣಿಗಳು ಮತ್ತೆ ಕಡಲಿಗೆ ಇಳಿದ ಮೇಲೆ ಒಂದು ದಿನ ಬೆಳಗ್ಗೆ ಮಂಗಳೂರಿನ ಬಂದರು ಧಕ್ಕೆಗೆ ಹೋಗಿ ನೋಡಿ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ಬುಟ್ಟಿ ಇಳಿಸುವವರ ಕೈಯೆಲ್ಲ ಒದ್ದೆ; ಮಂಜುಗಡ್ಡೆ ಕರಗಿದ ನೀರು, ಉಪ್ಪು, ಮೀನಿನ ಲೋಳೆ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಳ್ಳುತ್ತದೆ. ದೊಡ್ಡ ಗಾಜಿನ ಪರದೆಯ ಫೋನಾದರೆ ಹಸಿರು ಗುರುತನ್ನು ಎರಡು ಮೂರು ಸಲ ಎಳೆದರೂ ಕರೆ ಸಿಗುವುದಿಲ್ಲ. ಬೆರಳನ್ನು ಅಂಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಕರೆ ನಿಂತುಹೋಗಿರುತ್ತದೆ. ಪಕ್ಕದಲ್ಲಿ ಬಟನ್ ಫೋನು ಹಿಡಿದವರು ಹೆಬ್ಬೆರಳಲ್ಲಿ ಒಮ್ಮೆ ಒತ್ತಿ ಮಾತು ಆರಂಭಿಸಿರುತ್ತಾರೆ.

ಈ ಎರಡರ ನಡುವೆ ಮೂರನೆಯ ಜಾತಿಯೊಂದು ಸ್ವಲ್ಪ ಕಾಲ ಬಾಳಿತು. 2010ರ ಆಗಸ್ಟ್‌ನಲ್ಲಿ ನೋಕಿಯಾ ಕಂಪೆನಿಯು ಎಕ್ಸ್3-02 ಎಂಬ ಮಾದರಿಯನ್ನು 'ಟಚ್ ಅಂಡ್ ಟೈಪ್' ಎಂಬ ಹೆಸರಿನಡಿ ಪ್ರಕಟಿಸಿತು. ಮೇಲೆ ಸ್ಪರ್ಶಪರದೆ, ಕೆಳಗೆ ಅಂಕಿಗಳ ಕೀಲಿಮಣೆ. ಇದೇ ಜಾಡಿನಲ್ಲಿ 2011ರಲ್ಲಿ ಜಾರುವ ಕೀಲಿಮಣೆಯ ಸಿ2-03 ಮತ್ತು ಆಶಾ 300, 2012ರಲ್ಲಿ ಆಶಾ 202 ಬಂದವು. ಸ್ಮಾರ್ಟ್‌ಫೋನಿಗೆ ಹಣ ಹೊಂದಿಸಲಾಗದವರಿಗೆ, ಆದರೆ ಬರೀ ಬಟನ್ ಫೋನು ಸಾಲದೆನಿಸಿದವರಿಗೆ ಇವು ಹಿಡಿಸಿದವು. ಇವುಗಳ ತಯಾರಿಕೆ ನಿಂತು ಬಹಳ ವರ್ಷಗಳಾಗಿವೆ.

ಹಾಗಾದರೆ ಈಗ ಅದರ ಮಾತೇಕೆ ಎಂದು ನೀವು ಕೇಳಬಹುದು. ಮನೆಯ ಹಿರಿಯರಿಗೆ ಗುಂಡಿಯ ಫೋನು ಕೊಳ್ಳುವವರು, ಹಳೆಯದನ್ನೇ ರಿಪೇರಿ ಮಾಡಿಸಿ ಬಳಸಬಹುದೇ ಎಂದು ಯೋಚಿಸುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಅಂಗಡಿಯವರ ಮಾತು, ಪೆಟ್ಟಿಗೆಯ ಮೇಲಿನ ಅಂಕಿಗಳು ಬಿಟ್ಟರೆ ಅವರಿಗೆ ಬೇರೆ ಆಧಾರವಿರುವುದಿಲ್ಲ. ಆ ಅಂಕಿಗಳನ್ನು ಪ್ರೌಢಶಾಲೆಯ ಗಣಿತ ಮತ್ತು ಭೌತವಿಜ್ಞಾನದಿಂದ ಒರೆಗೆ ಹಚ್ಚಬಹುದು. ಜೊತೆಗೆ, ಎರಡು ಬಗೆಯ ಆದಾನವೂ ಒಂದೇ ದೇಹದಲ್ಲಿರುವ ಇಂತಹ ಫೋನು ತರಗತಿಗೆ ಒಳ್ಳೆಯ ಪ್ರಯೋಗ ಸಾಮಗ್ರಿ. ಎಕ್ಸ್3-02ನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಅಳತೆಪಟ್ಟಿ ತೆಗೆದುಕೊಳ್ಳಿ

ಈ ಫೋನಿನ ಉದ್ದ 106 ಮಿ.ಮೀ., ಅಗಲ 48 ಮಿ.ಮೀ., ದಪ್ಪ ಕೇವಲ 9.6 ಮಿ.ಮೀ., ತೂಕ ಸುಮಾರು 77 ಗ್ರಾಂ. ಪರದೆ 2.4 ಇಂಚಿನದು, ಅದರಲ್ಲಿ ಅಡ್ಡಕ್ಕೆ 240, ಉದ್ದಕ್ಕೆ 320 ಚುಕ್ಕಿಗಳು. 240 ಮತ್ತು 320 ಎಂದೊಡನೆ ವಿದ್ಯಾರ್ಥಿಗಳಿಗೆ ಪೈಥಾಗೊರಸ್ ನೆನಪಾಗಬೇಕು. ಇದು 3, 4, 5ರ ತ್ರಿಕೋನ; ಕರ್ಣದಲ್ಲಿ 400 ಚುಕ್ಕಿಗಳು. ಪರದೆಯ ಇಂಚಿನ ಅಳತೆ ಎಂದರೆ ಕರ್ಣದ ಅಳತೆಯೇ ಆದ್ದರಿಂದ 400ನ್ನು 2.4ರಿಂದ ಭಾಗಿಸಿದರೆ ಇಂಚಿಗೆ ಸುಮಾರು 167 ಚುಕ್ಕಿಗಳು. 2.4 ಇಂಚು ಎಂದರೆ 61 ಮಿ.ಮೀ.; ಹಾಗಾಗಿ ಪರದೆಯ ಅಗಲ 36.6 ಮಿ.ಮೀ., ಎತ್ತರ 48.8 ಮಿ.ಮೀ. ಒಂದು ಚುಕ್ಕಿಯ ಅಗಲ 0.15 ಮಿ.ಮೀ.

ಈಗ ಬೆರಳನ್ನು ಅಳೆಯೋಣ. ಮುದ್ರೆಯ ಶಾಯಿ ಹಚ್ಚಿದ ತೋರುಬೆರಳನ್ನು ಗ್ರಾಫ್ ಹಾಳೆಯ ಮೇಲೆ, ಫೋನಿನ ಮೇಲೆ ಊರುವಷ್ಟೇ ಬಲದಿಂದ ಊರಿ. ದೊಡ್ಡವರ ಬೆರಳಿನ ಗುರುತು ಸುಮಾರು 10 ಮಿ.ಮೀ. ಅಗಲ ಇರುತ್ತದೆ. ಇಂಗ್ಲಿಷ್ ಬೆರಳಚ್ಚಿನ ಮೇಲಿನ ಸಾಲಿನಲ್ಲಿ 10 ಅಕ್ಷರಗಳಿವೆ. 36.6 ಮಿ.ಮೀ. ಅಗಲದಲ್ಲಿ ಅವನ್ನು ಕೂರಿಸಿದರೆ ಒಂದಕ್ಕೆ ಸಿಗುವುದು 3.7 ಮಿ.ಮೀ. ಒಂದು ಬೆರಳಿನ ಕೆಳಗೆ ಎರಡು ಮೂರು ಅಕ್ಷರ! ಬೆರಳಿಗೆ ತಕ್ಕ ಗುಂಡಿಗಳನ್ನೇ ಪರದೆಯ ಮೇಲೆ ಬರೆಯೋಣವೆಂದರೆ, 12 ಮಿ.ಮೀ. ಚೌಕದ ಗುಂಡಿಗಳು ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು ಹಿಡಿಯುತ್ತವೆ. ಒಟ್ಟು ಹನ್ನೆರಡು. ಅಂದರೆ ನಮ್ಮ ಹಳೆಯ ಟೆಲಿಫೋನ್ ಕೀಲಿಮಣೆಯೇ ಇಡೀ ಪರದೆಯನ್ನು ತುಂಬಿಬಿಡುತ್ತದೆ. ಬರೆದದ್ದನ್ನು ಓದಲು ಜಾಗವೇ ಉಳಿಯುವುದಿಲ್ಲ.

ಪುಟ್ಟ ಫೋನಿಗೆ ಪ್ರತ್ಯೇಕ ಗುಂಡಿಗಳನ್ನು ಇಟ್ಟದ್ದು ಹಳೆಯ ಅಭ್ಯಾಸದ ಮುಲಾಜಿಗಲ್ಲ, ಇಷ್ಟು ಪುಟ್ಟ ದೇಹದಲ್ಲಿ ಸ್ಪರ್ಶ ಬೇಕೆಂದರೆ ಬೇರೆ ದಾರಿಯೇ ಇರಲಿಲ್ಲ. ಪರದೆಯನ್ನು ಆಯ್ಕೆ ಮಾಡಲು, ಪಟ್ಟಿ ಸರಿಸಲು ಬಳಸಿ, ಬರೆಯುವುದನ್ನು ಗುಂಡಿಗೆ ಬಿಟ್ಟರು. ಇಂತಹ ಯಾವ ಫೋನನ್ನು ಪರೀಕ್ಷಿಸುವಾಗಲೂ ಮೊದಲು ನೋಡಬೇಕಾದದ್ದು ಇದನ್ನೇ: ಕೆಲಸದ ಹಂಚಿಕೆ ಸರಿಯಾಗಿದೆಯೇ? ಕರೆ ಸ್ವೀಕರಿಸಲು, ಮುಗಿಸಲು ಪ್ರತ್ಯೇಕ ಗುಂಡಿಗಳಿವೆಯೇ, ಅಥವಾ ಅದಕ್ಕೂ ಪರದೆಯನ್ನೇ ಮುಟ್ಟಬೇಕೇ? ಎಕ್ಸ್3-02ರಲ್ಲಿ ಆ ಗುಂಡಿಗಳಿದ್ದವು.

ಒತ್ತಿದರೆ ಸಾಕೇ, ಮುಟ್ಟಬೇಕೇ?

ಸ್ಪರ್ಶಪರದೆಗಳಲ್ಲಿ ಎರಡು ಮುಖ್ಯ ಬಗೆ. ಒಂದು ರೋಧಕ ಬಗೆ, ಅಂಗಡಿಯ ಮಾತಿನಲ್ಲಿ ರೆಸಿಸ್ಟಿವ್. ಇನ್ನೊಂದು ಧಾರಕ ಬಗೆ, ಅಂದರೆ ಕೆಪಾಸಿಟಿವ್. ಧಾರಕ ಪರದೆಯ ಬಗ್ಗೆ ಇಂಗ್ಲೆಂಡಿನ ಮಾಲ್ವೆರ್ನ್‌ನ ರೇಡಾರ್ ಸಂಶೋಧನಾ ಕೇಂದ್ರದ ಇ.ಎ. ಜಾನ್ಸನ್ 1965ರಲ್ಲೇ ಬರೆದಿದ್ದರು. ರೋಧಕ ಪರದೆ 1970ರ ದಶಕದಲ್ಲಿ ಅಮೆರಿಕದ ಸ್ಯಾಮ್ ಹರ್ಸ್ಟ್ ಮತ್ತು ಸಂಗಡಿಗರಿಂದ ಬಂದದ್ದು. ಆದರೂ ಅಗ್ಗದ ಫೋನುಗಳಿಗೆ ಮೊದಲು ಬಂದದ್ದು ರೋಧಕ ಪರದೆಯೇ. ಎಕ್ಸ್3-02ರದ್ದೂ ಅದೇ.

ಇದರ ರಚನೆ ಸರಳ. ಕೆಳಗೆ ಗಾಜು, ಮೇಲೆ ಬಾಗುವ ಪ್ಲಾಸ್ಟಿಕ್ ಹಾಳೆ. ಎರಡರ ಒಳಮೈಗೂ ಇಂಡಿಯಂ ಟಿನ್ ಆಕ್ಸೈಡ್‌ನ ಪಾರದರ್ಶಕ ವಾಹಕ ಲೇಪ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಅವಾಹಕ ಚುಕ್ಕಿಗಳು ಎರಡನ್ನೂ ಬೇರ್ಪಡಿಸಿರುತ್ತವೆ. ನೀವು ಒತ್ತಿದಾಗ ಮೇಲಿನ ಪದರ ಕೆಳಗಿನದಕ್ಕೆ ತಾಗುತ್ತದೆ. ಒಂದು ಪದರದ ಎರಡು ಅಂಚುಗಳ ನಡುವೆ 3 ವೋಲ್ಟ್ ಹಾಕಿ, ತಾಗಿದ ಬಿಂದುವಿನ ವೋಲ್ಟತೆಯನ್ನು ಇನ್ನೊಂದು ಪದರದ ಮೂಲಕ ಅಳೆಯುತ್ತಾರೆ. ಅದು 1.2 ವೋಲ್ಟ್ ಬಂದರೆ ಬೆರಳು ಅಗಲದ ಐದನೆಯ ಎರಡು ಭಾಗದಲ್ಲಿದೆ, ಅಂದರೆ ಅಂಚಿನಿಂದ 14.6 ಮಿ.ಮೀ. ದೂರದಲ್ಲಿದೆ. ಬಳಿಕ ಪದರಗಳ ಪಾತ್ರ ಅದಲುಬದಲು ಮಾಡಿ ಎತ್ತರವನ್ನು ಕಂಡುಕೊಳ್ಳುತ್ತಾರೆ. ನಿಮ್ಮ ಪ್ರಯೋಗಶಾಲೆಯ ವಿಭವಮಾಪಕದ ತಂತಿಯ ಮೇಲೆ ಜಾಕಿ ಒತ್ತುವುದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವೇ ಇಲ್ಲ. ಕೆಟ್ಟ ಫೋನಿನಿಂದ ಬಿಚ್ಚಿದ ನಾಲ್ಕು ತಂತಿಯ ರೋಧಕ ಪರದೆ ಸಿಕ್ಕರೆ, ಎರಡು ಶುಷ್ಕಕೋಶ ಮತ್ತು ಒಂದು ಮಲ್ಟಿಮೀಟರಿನಿಂದ ಇದನ್ನು ತರಗತಿಯಲ್ಲೇ ತೋರಿಸಬಹುದು. ಐದು ಐದು ಮಿ.ಮೀ. ದೂರದಲ್ಲಿ ಒತ್ತುತ್ತ ವೋಲ್ಟತೆಯ ನಕ್ಷೆ ಬರೆಯಿಸಿ, ಸರಳರೇಖೆ ಬರಬೇಕು.

ವೋಲ್ಟತೆಯನ್ನು 1024 ಹಂತಗಳಾಗಿ ಓದುವ ಮಾಪಕವಿದ್ದರೆ 36.6 ಮಿ.ಮೀ. ಅಗಲದಲ್ಲಿ 0.04 ಮಿ.ಮೀ.ನಷ್ಟು ವ್ಯತ್ಯಾಸ ತಿಳಿಯುತ್ತದೆ. ಇದು ಒಂದು ಚುಕ್ಕಿಗಿಂತ ಸಣ್ಣದು. ಆದ್ದರಿಂದ 'ರೋಧಕ ಪರದೆ ನಿಖರವಲ್ಲ' ಎಂಬ ಮಾತನ್ನು ಹಾಗೆಯೇ ಒಪ್ಪಬೇಡಿ. ಅದರ ನಿಜವಾದ ಕೊರತೆ ಬೇರೆ. ಎರಡು ಬೆರಳು ಒಟ್ಟಿಗೆ ಊರಿದರೆ ಅದು ನಡುವಿನ ಯಾವುದೋ ಒಂದು ಬಿಂದುವನ್ನು ತೋರಿಸುತ್ತದೆ. ಹಾಗಾಗಿ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸುವ ಸೌಕರ್ಯವಿಲ್ಲ. ಹೆಚ್ಚುವರಿ ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಪಣಂಬೂರು ಕಡಲತೀರದಂತಹ ಬಯಲು ಬಿಸಿಲಲ್ಲಿ ಓದುವುದು ಕಷ್ಟ. ಮತ್ತೆ ಮತ್ತೆ ಒತ್ತಿದ ಜಾಗದ ಲೇಪ ಬಿರುಕುಬಿಟ್ಟು ಅಲ್ಲಿ ಸ್ಪರ್ಶವೇ ಸತ್ತುಹೋಗುವುದುಂಟು.

ಧಾರಕ ಪರದೆಯಲ್ಲಿ ಒತ್ತಡ ಬೇಕಿಲ್ಲ. ಗಾಜಿನಡಿಯ ವಾಹಕ ಜಾಲರಿಯ ಬಳಿಗೆ ನಿಮ್ಮ ಬೆರಳು ಬಂದಾಗ ಅಲ್ಲಿನ ಧಾರಕತೆ ಅತ್ಯಲ್ಪ ಬದಲಾಗುತ್ತದೆ. ಫೋನು ಗುರುತಿಸುವುದು ಆ ಬದಲಾವಣೆಯನ್ನು. ಉಪ್ಪು ಬೆರೆತ ನೀರು ಸ್ವತಃ ವಾಹಕ, ನೀರಿನ ವಿದ್ಯುತ್ಪಾರಕ ಸ್ಥಿರಾಂಕವೂ ಸುಮಾರು 80. ಗಾಜಿನ ಮೇಲೆ ನೀರಿನ ತೆಳುಪೊರೆ ಹರಡಿದರೆ ಅಕ್ಕಪಕ್ಕದ ಎಳೆಗಳೆಲ್ಲ ಒಂದೇ ಸಲ ಬದಲಾದಂತೆ ಕಂಡು, ಬೆರಳು ಯಾವುದು ನೀರು ಯಾವುದು ಎಂಬುದು ಫೋನಿಗೆ ಗೊಂದಲ. ಧಕ್ಕೆಯಲ್ಲಿ ಕರೆ ತಪ್ಪಿದ್ದು ಇದರಿಂದ. ಹೊಸ ಫೋನುಗಳಲ್ಲಿ ಈ ಗೊಂದಲವನ್ನು ತಕ್ಕಮಟ್ಟಿಗೆ ನಿಭಾಯಿಸುವ ತಂತ್ರಾಂಶವಿದೆ, ಪೂರ್ತಿ ಅಲ್ಲ. ರೋಧಕ ಪರದೆಗೆ ಒತ್ತಡವೊಂದೇ ಮುಖ್ಯ. ಒದ್ದೆ ಬೆರಳು, ಉಗುರು, ಪೆನ್ನಿನ ಮುಚ್ಚಳ, ಮಳೆಗೆಂದು ಸುತ್ತಿದ ಪ್ಲಾಸ್ಟಿಕ್ ಚೀಲ ಎಲ್ಲವೂ ಅದಕ್ಕೆ ಒಂದೇ.

ಯಾವ ಬಗೆಯ ಪರದೆ ಎಂದು ತಿಳಿಯಲು ಪೆನ್ನಿನ ಮುಚ್ಚಳವೇ ಸಾಕು. ಅದರಿಂದ ಒತ್ತಿದಾಗ ಕೆಲಸ ಮಾಡಿದರೆ ರೋಧಕ, ಇಲ್ಲವಾದರೆ ಧಾರಕ. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಈ ಬಗೆ ಬರಿಯ ಅಗ್ಗದ್ದೆಂದು ತಳ್ಳಿಹಾಕುವಂಥದ್ದಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಒಂದು ಎಚ್ಚರ: ಒದ್ದೆ ಕೈಯಲ್ಲಿ ಕೆಲಸ ಮಾಡುವುದೆಂದರೆ ನೀರಿಗೆ ಬಿದ್ದರೂ ಬದುಕುತ್ತದೆ ಎಂದಲ್ಲ.

ಹನ್ನೆರಡು ಗುಂಡಿಗಳು

ಟೆಲಿಫೋನ್ ಕೀಲಿಮಣೆಯಲ್ಲಿ ಅಂಕಿಗಳ ಸ್ಥಾನವನ್ನು, 2ರಿಂದ 9ರವರೆಗೆ ಇಂಗ್ಲಿಷ್ ಅಕ್ಷರಗಳ ಹಂಚಿಕೆಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.161 ಎಂಬ ಶಿಫಾರಸು ನಿಗದಿಪಡಿಸಿದೆ. 5ರ ಮೇಲಿನ ಉಬ್ಬು ಗುರುತು ಕಣ್ಣು ಕಾಣದವರಿಗೆ, ಕತ್ತಲಲ್ಲಿ ಬಳಸುವವರಿಗೆ ದಾರಿದೀಪ. ಎಕ್ಸ್3-02 ಇಲ್ಲಿ ಒಂದು ವಿಚಿತ್ರ ಮಾಡಿತು. ನಾಲ್ಕು ಸಾಲುಗಳ ಬದಲು ಮೂರೇ ಸಾಲು ಇಟ್ಟು, ಸ್ಟಾರ್, ಸೊನ್ನೆ, ಹ್ಯಾಶ್ ಗುಂಡಿಗಳನ್ನು ಬಲಗಡೆಯ ನಾಲ್ಕನೆಯ ಕಂಬಕ್ಕೆ ಸರಿಸಿತು. ಫೋನು ಚಿಕ್ಕದಾಯಿತು ನಿಜ. ಆದರೆ ನೋಡದೆ ಒತ್ತುವ ಹೆಬ್ಬೆರಳು 8ರ ಕೆಳಗೆ ಸೊನ್ನೆಯನ್ನು ಹುಡುಕುತ್ತದೆ, ಅಲ್ಲಿ ಅದು ಇರುವುದಿಲ್ಲ. ವಯಸ್ಸಾದವರ ಕೈಗೆ ಕೊಡುವ ಫೋನಿನಲ್ಲಿ ಇದು ಸಣ್ಣ ದೋಷವಲ್ಲ.

ಪರೀಕ್ಷಿಸುವುದು ಸುಲಭ. ಮೂರು ಮಂದಿಗೆ ತಮಗೆ ಬಾಯಿಪಾಠವಿರುವ ಹತ್ತು ಅಂಕಿಗಳ ಸಂಖ್ಯೆಯೊಂದನ್ನು ಕಣ್ಣುಮುಚ್ಚಿ ಐದು ಸಲ ಒತ್ತಲು ಹೇಳಿ, ತಪ್ಪುಗಳನ್ನು ಎಣಿಸಿ. ಅದೇ ಸಂಖ್ಯೆಯನ್ನು ಬೇರೆ ಫೋನಿನಲ್ಲೂ ಒತ್ತಿಸಿ ಹೋಲಿಸಿ. ಒತ್ತಿದಾಗ ಗುಂಡಿಯಡಿಯ ಲೋಹದ ಗುಮ್ಮಟ 'ಟಕ್' ಎಂದು ಬಾಗುವುದು ಬೆರಳಿಗೆ ತಿಳಿಯಬೇಕು.

ಅಕ್ಷರ ಬರೆಯುವ ಶ್ರಮವನ್ನೂ ಲೆಕ್ಕ ಹಾಕಬಹುದು. 'ಮಂಗಳೂರು' ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಒಂಬತ್ತು ಅಕ್ಷರ. ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಹಳೆಯ ಕ್ರಮದಲ್ಲಿ ಇದಕ್ಕೆ 16 ಒತ್ತುಗಳು ಬೇಕು. ಪದವನ್ನು ಊಹಿಸಿಕೊಡುವ ಕ್ರಮದಲ್ಲಿ ಒಂಬತ್ತೇ. ಆದರೆ ಊರಿನ ಹೆಸರು ಆ ಪದಕೋಶದಲ್ಲಿ ಇರಬೇಕಷ್ಟೆ!

ಕನ್ನಡ ಕಾಣುತ್ತದೆಯೇ?

ನಮ್ಮ ಮಟ್ಟಿಗೆ ಇದು ಬಹಳ ಮುಖ್ಯ. ಮಂಗಳೂರಿನಲ್ಲಿ ಕನ್ನಡ ಲಿಪಿಯನ್ನು ಕನ್ನಡಕ್ಕೆ ಮಾತ್ರ ಬಳಸುವುದಿಲ್ಲ. ತುಳು, ಕೊಂಕಣಿ, ಬ್ಯಾರಿ ಭಾಷೆಗಳನ್ನೂ ಹೆಚ್ಚಾಗಿ ಇದೇ ಲಿಪಿಯಲ್ಲಿ ಬರೆಯುತ್ತಾರೆ. ಫೋನಿಗೆ ಕನ್ನಡ ಬಾರದಿದ್ದರೆ ನಾಲ್ಕು ಭಾಷೆಗಳ ಬಾಯಿ ಕಟ್ಟಿದಂತೆ.

ಬೇರೆ ಫೋನಿನಿಂದ ಈ ಪದಗಳನ್ನು ಸಂದೇಶವಾಗಿ ಕಳುಹಿಸಿ: ಸ್ತ್ರೀ, ಸೂರ್ಯ, ಕೋಗಿಲೆ, ಶಕ್ತಿ. ಬರೀ ಚೌಕಗಳು ಕಂಡರೆ ಫೋನಿನಲ್ಲಿ ಕನ್ನಡದ ಅಕ್ಷರಶೈಲಿಯೇ ಇಲ್ಲ. 'ಸ್ತ್ರೀ' ಎಂಬುದು ಸ್, ತ್, ರೀ ಎಂದು ಬಿಡಿಬಿಡಿಯಾಗಿ ಕಂಡರೆ ಅಕ್ಷರಗಳಿವೆ, ಅವನ್ನು ಜೋಡಿಸುವ ತಂತ್ರಾಂಶವಿಲ್ಲ. ಯೂನಿಕೋಡ್‌ನಲ್ಲಿ 'ಸ್ತ್ರೀ' ಆರು ಸಂಕೇತಗಳ ಸರಣಿ: ಸ, ಹಲಂತ, ತ, ಹಲಂತ, ರ, ಈಕಾರ. ಇವನ್ನು ಒಂದೇ ಅಕ್ಷರವಾಗಿ ಕಟ್ಟಿ ಒತ್ತುಗಳನ್ನು ಕೆಳಗಿಡುವುದು ಫೋನಿನ ಹೊಣೆ. 'ಸೂರ್ಯ'ದ ಅರ್ಕಾವೊತ್ತು ಇನ್ನೂ ಕಠಿಣ ಪರೀಕ್ಷೆ, ಏಕೆಂದರೆ ಮೊದಲು ಉಚ್ಚರಿಸುವ ರಕಾರ ಬರೆಯುವಾಗ ಹಿಂದಕ್ಕೆ ಹೋಗುತ್ತದೆ.

ಇಂಚಿಗೆ 167 ಚುಕ್ಕಿ ಎಂದೆವಲ್ಲ, ಅಂದರೆ 2 ಮಿ.ಮೀ. ಎತ್ತರದ ಅಕ್ಷರಕ್ಕೆ 13 ಚುಕ್ಕಿಗಳು ಮಾತ್ರ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು ಎಂದು ಮೂರು ಅಂತಸ್ತು. ಹದಿಮೂರು ಚುಕ್ಕಿಗಳಲ್ಲಿ ಮೂರನ್ನೂ ತುರುಕಿದರೆ ಒತ್ತುಗಳು ಕಲೆಗಳಂತೆ ಕಾಣುತ್ತವೆ. ಅಕ್ಷರ ಹಿಗ್ಗಿಸುವ ಸೌಲಭ್ಯವಿದೆಯೇ ನೋಡಿ.

ಸಂದೇಶದ ಉದ್ದವನ್ನೂ ಗಮನಿಸಿ. ಒಂದು ಎಸ್‌ಎಂಎಸ್‌ನಲ್ಲಿ 1120 ಬಿಟ್‌ಗಳಿರುತ್ತವೆ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಆದ್ದರಿಂದ 160 ಅಕ್ಷರ ಹಿಡಿಸುತ್ತದೆ. ಯೂನಿಕೋಡ್ ಕನ್ನಡಕ್ಕೆ ಸಾಮಾನ್ಯವಾಗಿ 16 ಬಿಟ್, ಹಾಗಾಗಿ 70 ಸಂಕೇತ. ಮಳೆಗಾಲದಲ್ಲಿ ದಕ್ಷಿಣ ಕನ್ನಡದ ಮಕ್ಕಳು ಕಾಯುವ 'ನಾಳೆ ಶಾಲೆಗೆ ರಜೆ' ಎಂಬ ಸಂದೇಶದಲ್ಲಿ ಖಾಲಿ ಜಾಗ ಸೇರಿ 15 ಸಂಕೇತಗಳು, 240 ಬಿಟ್‌ಗಳು. ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 17 ಅಕ್ಷರ, 119 ಬಿಟ್. ಜನ ಕಂಗ್ಲಿಷಿಗೆ ಒಗ್ಗಿಹೋದದ್ದಕ್ಕೆ ಈ ಲೆಕ್ಕವೂ ಒಂದು ಕಾರಣವಿರಬೇಕು. ಈಗ ಪರಿಸ್ಥಿತಿ ಉತ್ತಮ. ಭಾರತೀಯ ಮಾನಕ ಬ್ಯೂರೋದ ಐಎಸ್ 16333, ಭಾಗ 3, 2016ರ ಪ್ರಕಾರ ದೇಶದಲ್ಲಿ ಮಾರುವ ಫೋನುಗಳಲ್ಲಿ ಎಲ್ಲ 22 ಅನುಸೂಚಿತ ಭಾಷೆಗಳ ಸಂದೇಶಗಳನ್ನು ಓದಲು ಆಗಬೇಕು. ಬರೆಯಲು ಮಾತ್ರ ಇಂಗ್ಲಿಷ್, ಹಿಂದಿಯ ಜೊತೆ ಇನ್ನೊಂದು ಭಾರತೀಯ ಭಾಷೆ ಇದ್ದರೆ ಸಾಕು. ಆ 'ಇನ್ನೊಂದು' ಕನ್ನಡವೇ ಹೌದೇ ಎಂದು ಅಂಗಡಿಯಲ್ಲೇ ಕೇಳಿ.

ಬ್ಯಾಟರಿ ಮತ್ತು ಗುರುತಿನ ಸಂಖ್ಯೆ

ಎಕ್ಸ್3-02ರ ಬ್ಯಾಟರಿ 860 ಮಿಲಿಆಂಪಿಯರ್-ಗಂಟೆಯದು. 3.7 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 3.2 ವ್ಯಾಟ್-ಗಂಟೆ. ಇಂತಹ ಫೋನಿನ ಪೆಟ್ಟಿಗೆಯ ಮೇಲೆ 'ಸುಮ್ಮನಿದ್ದರೆ 400 ಗಂಟೆ' ಎಂದು ಬರೆದಿದೆ ಎಂದುಕೊಳ್ಳಿ. 860ನ್ನು 400ರಿಂದ ಭಾಗಿಸಿ: ಸರಾಸರಿ 2.15 ಮಿಲಿಆಂಪಿಯರ್ ಮಾತ್ರ ಖರ್ಚಾಗಬೇಕು. ಜಾಲದ ಸಂಕೇತ ದುರ್ಬಲವಿರುವ ಕಡೆ ಫೋನು ಹೆಚ್ಚು ಬಲದಿಂದ ಕೂಗಬೇಕಾಗುವುದರಿಂದ ಈ ಭರವಸೆ ಈಡೇರುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ, ನೀವು ವಾಸಿಸುವ ಮನೆಯಲ್ಲೇ ಎರಡು ದಿನ ಇಟ್ಟು ನೋಡಿ.

ಹಳೆಯ ಲಿಥಿಯಂ ಅಯಾನು ಬ್ಯಾಟರಿ ಬಳಸದೆ ಇಟ್ಟರೂ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಹೊರತೆಗೆದು ಗಾಜಿನ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ಸಲೀಸಾಗಿ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಅದನ್ನು ಚಾರ್ಜ್ ಮಾಡಬೇಡಿ, ಚುಚ್ಚಲೂಬೇಡಿ. 2007ರ ಆಗಸ್ಟ್‌ನಲ್ಲಿ ಬಿಎಲ್-5ಸಿ ಎಂಬ ಬ್ಯಾಟರಿಯ 4.6 ಕೋಟಿ ಘಟಕಗಳು ಬಿಸಿಯಾಗುವ ಸಂಭವವಿದೆಯೆಂದು ನೋಕಿಯಾ ಎಚ್ಚರಿಸಿದಾಗ ನಮ್ಮಲ್ಲಿ ಎದ್ದ ಗಾಬರಿ ಹಿರಿಯ ಓದುಗರಿಗೆ ನೆನಪಿರಬಹುದು.

ಬಳಸಿದ ಫೋನು ಕೊಳ್ಳುವುದಾದರೆ *#06# ಒತ್ತಿ. ಹದಿನೈದು ಅಂಕಿಗಳ ಐಎಂಇಐ ಸಂಖ್ಯೆ ಬರುತ್ತದೆ. ಇದು ಸರಿಯಿಲ್ಲದ ಫೋನುಗಳಿಗೆ ಭಾರತದಲ್ಲಿ 2009ರ ನವೆಂಬರ್ 30ರ ಬಳಿಕ ಸೇವೆ ನಿಲ್ಲಿಸಲಾಯಿತು. ಕೊನೆಯ ಅಂಕಿ ಒಂದು ತಾಳೆ ಅಂಕಿ. 490154203237518 ಎಂಬ ಮಾದರಿ ಸಂಖ್ಯೆಯನ್ನು ತೆಗೆದುಕೊಳ್ಳಿ. ಎಡದಿಂದ ಎರಡನೆಯ, ನಾಲ್ಕನೆಯ, ಹೀಗೆ ಸಮಸ್ಥಾನದ ಅಂಕಿಗಳನ್ನು ಇಮ್ಮಡಿಸಿ, ಎರಡಂಕಿ ಬಂದರೆ ಅವನ್ನು ಕೂಡಿಸಿ: 9, 2, 8, 0, 4, 5, 2, ಮೊತ್ತ 30. ಕೊನೆಯದನ್ನು ಬಿಟ್ಟು ಉಳಿದ ಬೆಸಸ್ಥಾನದ ಅಂಕಿಗಳ ಮೊತ್ತ 22. ಒಟ್ಟು 52. ಮುಂದಿನ ಹತ್ತರ ಗುಣಕ 60ಕ್ಕೆ ಬೇಕಾದದ್ದು 8, ಅದೇ ಕೊನೆಯ ಅಂಕಿ. ತಾಳೆಯಾಗದಿದ್ದರೆ ಸಂಖ್ಯೆ ಖಂಡಿತ ಸುಳ್ಳು. ತಾಳೆಯಾದರೆ ಫೋನು ಅಸಲಿ ಎಂದೇನೂ ಅಲ್ಲ, ಸಂಖ್ಯೆಯನ್ನೇ ಕದ್ದಿರಬಹುದು. ಅದಕ್ಕೆ ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು, ಈ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ ದೂರಸಂಪರ್ಕ ಇಲಾಖೆಯ ದಾಖಲೆಯೊಂದಿಗೆ ಹೋಲಿಸಬೇಕು.

ವಿಕಿರಣ ಮಿತಿಯ ಬಗ್ಗೆ ಒಂದೇ ಮಾತು. 2012ರ ಸೆಪ್ಟೆಂಬರ್ 1ರಿಂದ ನಮ್ಮಲ್ಲಿ ಮಿತಿ ಕಿಲೋಗ್ರಾಂಗೆ 1.6 ವ್ಯಾಟ್, 1 ಗ್ರಾಂ ಅಂಗಾಂಶದ ಸರಾಸರಿ. ಅದಕ್ಕೆ ಮೊದಲು 2 ವ್ಯಾಟ್, 10 ಗ್ರಾಂ ಸರಾಸರಿ. ಸರಾಸರಿಯ ಆಧಾರವೇ ಬೇರೆಯಾದ್ದರಿಂದ ಹಳೆಯ ಫೋನಿನ ಅಂಕಿಯನ್ನು ಹೊಸದರ ಜೊತೆ ನೇರವಾಗಿ ಹೋಲಿಸಬೇಡಿ.

ಜಾಲ ಇದ್ದರೆ ಫೋನು

ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದ ಫೋನು ಕೊನೆಯ ಒಂದರಲ್ಲಿ ಸೋಲಬಹುದು. ಎಕ್ಸ್3-02 ಎರಡನೆಯ ಮತ್ತು ಮೂರನೆಯ ತಲೆಮಾರಿನ ಜಾಲಗಳಿಗೆ ಮಾಡಿದ್ದು. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋದಲ್ಲಿ ಈ ಎರಡೂ ಇಲ್ಲ. ಏರ್‌ಟೆಲ್ 2020ರಲ್ಲಿ ತನ್ನ 3ಜಿ ಜಾಲವನ್ನು ಮುಚ್ಚಿತು. ಅಲ್ಲಿ ಇಂತಹ ಫೋನಿಗೆ ಉಳಿದದ್ದು 2ಜಿ ಮಾತ್ರ. ಈ ಬಗೆಯ ನೋಕಿಯಾ ಫೋನುಗಳಲ್ಲಿ ವಾಟ್ಸ್‌ಆ್ಯಪ್ 2018ರ ಡಿಸೆಂಬರ್ 31ಕ್ಕೆ ನಿಂತಿತು. ಇಂದಿನ ಜಾಲತಾಣಗಳು ಬಳಸುವ ಗೂಢಲಿಪಿ ವಿಧಾನಗಳು ಅದರ ಬ್ರೌಸರಿಗೆ ತಿಳಿಯವು. ಪರದೆ ಚೆನ್ನಾಗಿಯೇ ಸ್ಪಂದಿಸುತ್ತದೆ, ಆದರೆ ಮುಟ್ಟಲು ಅಲ್ಲಿ ಹೆಚ್ಚೇನೂ ಇಲ್ಲ. ಹಳೆಯ ಟಚ್ ಅಂಡ್ ಟೈಪ್ ಫೋನಿನಲ್ಲಿ ಮೊದಲು ಅಪ್ರಯೋಜಕವಾದದ್ದು ಸ್ಪರ್ಶದ ಭಾಗ; ಗುಂಡಿಯ ಭಾಗ ಈಗಲೂ ಕೆಲಸಕ್ಕೆ ಬರುತ್ತದೆ. ಕರೆ, ಎಸ್‌ಎಂಎಸ್, ಬ್ಯಾಂಕಿನ ಒಟಿಪಿ ಇವಕ್ಕೆಲ್ಲ 2ಜಿ ಸಾಕು. ಹಣ ಕಳುಹಿಸಲು *99# ಸೇವೆ, ಮತ್ತು ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಆರಂಭಿಸಿದ ಯುಪಿಐ 123ಪೇ ಅಂಕಿಗುಂಡಿಗಳಿಂದಲೇ ನಡೆಯುತ್ತವೆ.

ಈಗ ಹೊಸದಾಗಿ ಕೊಳ್ಳುವವರು 4ಜಿ ಗುಂಡಿಫೋನನ್ನೇ ನೋಡುವುದು ಲೇಸು. '4ಜಿ' ಎಂಬ ಚೀಟಿ ಸಾಲದು, ಧ್ವನಿಕರೆಯೂ ಅದೇ ಜಾಲದಲ್ಲಿ ಹೋಗುವ ವೋಲ್ಟಿ ಇದೆಯೇ ಎಂದು ಕೇಳಿ. ಹಂಪನಕಟ್ಟೆಯ ಅಂಗಡಿಯಲ್ಲಿ ಐದು ಗೆರೆ ಕಂಡ ಫೋನು ನಿಮ್ಮ ಗುಡ್ಡದ ಬುಡದ ಮನೆಯಲ್ಲಿ ಒಂದೂ ತೋರಿಸದಿರಬಹುದು. ನಿಮ್ಮ ಸಿಮ್ಮನ್ನು ಬೇರೆ ಯಾರದಾದರೂ ಅಂಥದೇ ಫೋನಿಗೆ ಹಾಕಿ ಮನೆಯ ಒಳಕೋಣೆಯಲ್ಲಿ ಮಾತಾಡಿ ನೋಡಿದ ಮೇಲೆ ಕೊಳ್ಳಿ.

ಫೋನು 2ಜಿಯಲ್ಲಿ ಇದೆಯೇ ಎಂಬುದನ್ನು ಕಿವಿಯೇ ಹೇಳಬಲ್ಲದು. ಕರೆ ಬರುವ ಹೊತ್ತಿಗೆ ಅದನ್ನು ರೇಡಿಯೋ ಅಥವಾ ಧ್ವನಿವರ್ಧಕದ ಬಳಿ ಇಡಿ. 'ಟ್ರ್ರ್, ಟ್ರ್ರ್' ಎಂಬ ಸದ್ದು ಬಂದರೆ ಅದು 2ಜಿಯ ಗುರುತು. ಆ ಜಾಲದಲ್ಲಿ ಫೋನು 4.615 ಮಿಲಿಸೆಕೆಂಡಿಗೊಮ್ಮೆ, ಅದರ ಎಂಟನೆಯ ಒಂದು ಪಾಲಿನಷ್ಟು ಕಾಲ ಮಾತ್ರ ಪ್ರಸಾರ ಮಾಡುತ್ತದೆ. ಸೆಕೆಂಡಿಗೆ ಸುಮಾರು 217 ಮಿಡಿತ. ಅದು ನಮ್ಮ ಕಿವಿಗೆ ಕೇಳುವ ಆವೃತ್ತಿ. ಧ್ವನಿಯ ಆವೃತ್ತಿ ಅಳೆಯುವ ತಂತ್ರಾಂಶ ಶಾಲೆಯ ಗಣಕದಲ್ಲಿದ್ದರೆ ಮಕ್ಕಳಿಂದಲೇ ಅಳೆಯಿಸಿ.

ಸಿಮ್ ಇಲ್ಲದಿದ್ದರೂ ನಡೆಯುವುದು ಎಫ್‌ಎಂ ರೇಡಿಯೋ. ಇಯರ್‌ಫೋನಿನ ತಂತಿಯೇ ಅದರ ಆಂಟೆನಾ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲುಭಾಗ 75 ಸೆಂ.ಮೀ. ತಂತಿಯನ್ನು ಸುತ್ತಿ ಜೇಬಿನಲ್ಲಿಟ್ಟಾಗ ಮಂಗಳೂರು ಆಕಾಶವಾಣಿ ಕರಕರ ಎನ್ನುವುದೂ, ಉದ್ದಕ್ಕೆ ಇಳಿಬಿಟ್ಟಾಗ ತಿಳಿಯಾಗುವುದೂ ಇದರಿಂದಲೇ.